28 ಟ್ಯಾಕಲ್, 12 ಅಂಕ: ಪ್ಯಾರಿಸ್ ಫೈನಲ್‌ನ ನಿಜವಾದ ಪಂದ್ಯಶ್ರೇಷ್ಠ ಯಾರು?

ಓದುಗರ ಪ್ರಶ್ನೆ: ಉದ್ಯೋಗದ ನಿಮಿತ್ತ ಆಕ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡಿಗ ನಾನು. ಕ್ರಿಕೆಟ್ ನೋಡುತ್ತ ಬೆಳೆದವನಿಗೆ ರಗ್ಬಿಯ ರುಚಿ ಹತ್ತಿದ್ದು ಇಲ್ಲಿಗೆ ಬಂದ ಮೇಲೆ. 2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು 12-11ರಿಂದ ಸೋಲಿಸಿದ್ದರ ಬಗ್ಗೆ ನಮ್ಮ ಕಚೇರಿಯಲ್ಲಿ ಇಂದಿಗೂ ವಾದ ನಿಂತಿಲ್ಲ. ಪಂದ್ಯಶ್ರೇಷ್ಠ ಗೌರವ ದಕ್ಷಿಣ ಆಫ್ರಿಕಾದ ಪೀಟರ್ ಸ್ಟೆಫ್ ಡು ಟಾಯ್ಟ್‌ಗೆ ಸಂದಿತು. ಗೆದ್ದ ತಂಡದ 12 ಅಂಕಗಳನ್ನೂ ಗಳಿಸಿದ ಹ್ಯಾಂಡ್ರೆ ಪೊಲಾರ್ಡ್‌ಗೆ ಅದು ಸಿಗಬೇಕಿತ್ತೆಂದು ದಕ್ಷಿಣ ಆಫ್ರಿಕಾ ಮೂಲದ ಸಹೋದ್ಯೋಗಿಯೊಬ್ಬರ ವಾದ. ಅವರ ಪತ್ನಿಯ ಪ್ರಕಾರ ಡಿಯಾನ್ ಫೌರಿ ಇಲ್ಲದಿದ್ದರೆ ಕಪ್ಪೇ ಇಲ್ಲ. ಇಲ್ಲಿಯವರು, ಸೋತರೂ ಆರ್ಡಿ ಸಾವೆಯಾ ಅವರೇ ಮೈದಾನದ ಶ್ರೇಷ್ಠ ಆಟಗಾರ ಎನ್ನುತ್ತಾರೆ. ಸೋತ ತಂಡದವರಿಗೆ ಈ ಗೌರವ ಕೊಡುವ ಪದ್ಧತಿ ಇದೆಯೆ? ಒಬ್ಬ ಅಂಕ ಗಳಿಸುವವ, ಇನ್ನೊಬ್ಬ ಅಂಕ ತಡೆಯುವವ. ಇವರಿಬ್ಬರನ್ನು ಹೋಲಿಸುವುದಾದರೂ ಹೇಗೆ?

ಉತ್ತರ: ಗೌರವ ಸೇರಬೇಕಾದವರನ್ನೇ ಸೇರಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಡು ಟಾಯ್ಟ್ ಪರವಾಗಿ ವಾದಿಸುವವರು ತಕ್ಷಣ ಮುಂದಿಡುವ ‘28 ಟ್ಯಾಕಲ್’ (ಚೆಂಡು ಹಿಡಿದು ಬರುವವನನ್ನು ಹಿಡಿದು ಕೆಡವುವುದು) ಎಂಬ ಲೆಕ್ಕವನ್ನು ಅದಕ್ಕೆ ಕಾರಣವಾಗಿ ನಾನು ಒಪ್ಪುವುದಿಲ್ಲ. ನಿಮ್ಮ ಸಹೋದ್ಯೋಗಿ ಮತ್ತು ಅವರ ಪತ್ನಿ ಬೇರೆ ಬೇರೆ ಹೆಸರು ಹೇಳುತ್ತಿದ್ದರೂ ಅವರು ಮಾತನಾಡುತ್ತಿರುವುದು ಒಂದೇ ನಿರ್ಧಾರದ ಎರಡು ಪರಿಣಾಮಗಳ ಬಗ್ಗೆ ಎಂಬುದನ್ನೂ ಇಲ್ಲಿ ತೋರಿಸಬೇಕಾಗಿದೆ. ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಫಾರ್ವರ್ಡ್‌ಗಳ, ಅಂದರೆ ಮುಂದೆ ನಿಂತು ಚೆಂಡಿಗಾಗಿ ತಳ್ಳಾಡುವ ಎಂಟು ಮಂದಿಯ, ಪಕ್ಷಪಾತಿ. ಚೆಂಡು ಹಿಡಿದು ಓಡುವವರಿಗಿಂತ, ಆ ಚೆಂಡು ಹೊರಗೆ ಬರುವಂತೆ ಮಾಡಿದವರು ಯಾರೆಂದು ನೋಡುವ ಅಭ್ಯಾಸ ನನ್ನದು. ಮುಂದಿನ ಮಾತುಗಳನ್ನು ಅಷ್ಟರಮಟ್ಟಿಗೆ ತೂಗಿ ನೋಡಿಯೇ ಸ್ವೀಕರಿಸಿ.

ಮೊದಲು ಪಂದ್ಯವನ್ನು ನೆನಪಿಗೆ ತಂದುಕೊಳ್ಳೋಣ. 2023ರ ಅಕ್ಟೋಬರ್ 28ರಂದು ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ, ಮಳೆಗೆ ಒದ್ದೆಯಾದ ಚೆಂಡಿನೊಂದಿಗೆ ಈ ಪಂದ್ಯ ನಡೆಯಿತು. ಪೊಲಾರ್ಡ್ 3, 13, 19 ಮತ್ತು 34ನೇ ನಿಮಿಷಗಳಲ್ಲಿ ಪೆನಾಲ್ಟಿಗಳನ್ನು (ಎದುರಾಳಿಯ ತಪ್ಪಿಗೆ ಸಿಗುವ ಮೂರಂಕದ ಒದೆತ) ಕಂಬಗಳ ನಡುವೆ ಒದ್ದರು. ರಿಚಿ ಮೊವುಂಗಾ ನ್ಯೂಜಿಲೆಂಡ್‌ಗಾಗಿ ಎರಡು ಪೆನಾಲ್ಟಿ ಗಳಿಸಿದರು. ಹೀಗಾಗಿ ವಿರಾಮದ ಹೊತ್ತಿಗೆ ಅಂಕ 12-6 ಆಗಿತ್ತು. ಅಷ್ಟರಲ್ಲೇ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರು. ಪುರುಷರ ವಿಶ್ವಕಪ್ ಫೈನಲ್ ಒಂದರಲ್ಲಿ ಯಾರಿಗಾದರೂ ಕೆಂಪು ಕಾರ್ಡ್ ಸಿಕ್ಕಿದ್ದು ಅದೇ ಮೊದಲು. ದ್ವಿತೀಯಾರ್ಧದಲ್ಲಿ ದಕ್ಷಿಣ ಆಫ್ರಿಕಾ ಒಂದೇ ಒಂದು ಅಂಕವನ್ನೂ ಗಳಿಸಲಿಲ್ಲ. 58ನೇ ನಿಮಿಷದಲ್ಲಿ ಬೋಡನ್ ಬ್ಯಾರೆಟ್ ಪಂದ್ಯದ ಏಕೈಕ ಟ್ರೈ (ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿ ಪಡೆಯುವ ಐದು ಅಂಕ) ಗಳಿಸಿದಾಗ ಅಂಕ 12-11ಕ್ಕೆ ಬಂತು. ಅದರ ಬೆನ್ನಿಗೇ ಮೊವುಂಗಾ ಅಂಚಿನಿಂದ ಒದ್ದ ಕನ್ವರ್ಷನ್, ಅಂದರೆ ಟ್ರೈ ನಂತರದ ಎರಡಂಕದ ಒದೆತ, ಗುರಿ ತಪ್ಪಿತು. ಉಳಿದ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಅಂಕಫಲಕ ಕದಲಲೇ ಇಲ್ಲ.

ಈ ಕಡೆಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪೊಲಾರ್ಡ್ ಪರವಾದ ವಾದದ ಬಲವೂ ಅದರ ಮಿತಿಯೂ ಒಟ್ಟಿಗೇ ಕಾಣುತ್ತವೆ. ನಾಲ್ಕು ಒದೆತ, ನಾಲ್ಕೂ ಸಫಲ. ಒಂದಂಕದ ಗೆಲುವಿನಲ್ಲಿ ಅವುಗಳಲ್ಲಿ ಯಾವುದೊಂದು ತಪ್ಪಿದ್ದರೂ ಕಪ್ ಕೈತಪ್ಪುತ್ತಿತ್ತು ಎಂಬುದು ಸರಳ ಗಣಿತ. ಎದುರಾಳಿ ಪಾಳಯದಲ್ಲಿ ಮೊವುಂಗಾ ಕನ್ವರ್ಷನ್ ತಪ್ಪಿಸಿದರು, 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ಬಹು ದೂರದಿಂದ ಒದ್ದ ಪೆನಾಲ್ಟಿಯೂ ಕಂಬದಾಚೆ ಹೋಯಿತು. ಇವೆಲ್ಲ ನಿಜ. ಆದರೆ ಕ್ರಿಕೆಟ್ ನೋಡಿ ಬೆಳೆದವರು ಇಲ್ಲಿ ಒಂದು ಅಭ್ಯಾಸವನ್ನು ಬದಿಗಿಡಬೇಕಾಗುತ್ತದೆ. ಬ್ಯಾಟರ್ ಗಳಿಸಿದ ಶತಕ ಬಹುಮಟ್ಟಿಗೆ ಅವನದೇ ಸಂಪಾದನೆ. ರಗ್ಬಿಯಲ್ಲಿ ಪೆನಾಲ್ಟಿಯ ಮೂರು ಅಂಕಗಳು ಒದ್ದವನ ಹೆಸರಿಗೆ ಜಮೆಯಾದರೂ, ಆ ಅವಕಾಶವನ್ನು ದುಡಿದು ತರುವವರು ಬೇರೆಯವರು: ಸ್ಕ್ರಮ್‌ನಲ್ಲಿ (ಎರಡೂ ತಂಡಗಳ ಫಾರ್ವರ್ಡ್‌ಗಳು ಹೆಣೆದು ನಿಂತು ತಳ್ಳಾಡುವುದು) ಎದುರಾಳಿಯನ್ನು ಬಾಗಿಸಿದ ಮುಂಸಾಲಿನ ಪ್ರಾಪ್, ರಕ್‌ನಲ್ಲಿ (ಟ್ಯಾಕಲ್ ಆದ ಮೇಲೆ ನೆಲದ ಚೆಂಡಿಗಾಗಿ ನಡೆಯುವ ತಳ್ಳಾಟ) ಚೆಂಡಿನ ಮೇಲೆ ಕೈಯಿಟ್ಟು ಕದಲದೆ ನಿಂತ, ಸ್ಕ್ರಮ್‌ನ ಪಕ್ಕ ಕಾಯುವ ಫ್ಲ್ಯಾಂಕರ್, ಇಲ್ಲವೇ ಒತ್ತಡ ತಾಳಲಾರದೆ ತಪ್ಪೆಸಗಿದ ಎದುರಾಳಿ. ಒಂದು ವಾರ ಮೊದಲು ಇಂಗ್ಲೆಂಡ್ ವಿರುದ್ಧ 16-15ರಿಂದ ಗೆದ್ದ ಸೆಮಿಫೈನಲ್‌ನಲ್ಲಿ, 77ನೇ ನಿಮಿಷದಲ್ಲಿ ಸುಮಾರು 49 ಮೀಟರ್ ದೂರದಿಂದ ಪೊಲಾರ್ಡ್ ಒದ್ದ ಗೆಲುವಿನ ಪೆನಾಲ್ಟಿಯನ್ನು ಎಲ್ಲರೂ ನೆನೆಯುತ್ತಾರೆ. ಆ ಪೆನಾಲ್ಟಿ ದೊರೆತದ್ದು ಸ್ಕ್ರಮ್‌ನಿಂದ. ಬೆಂಚಿನಿಂದ ಬಂದ ಪ್ರಾಪ್ ಆಕ್ಸ್ ಎನ್‌ಚೆ ಆ ಸ್ಕ್ರಮ್‌ನಲ್ಲಿ ತೋರಿದ ಬಲ ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ.

ಪೊಲಾರ್ಡ್ ಆ ವಿಶ್ವಕಪ್‌ಗೆ ಬಂದ ಬಗೆಯನ್ನು ಈಗ ಗಮನಿಸಬೇಕು, ಏಕೆಂದರೆ ಫೌರಿಯವರ ಕತೆಯೂ ಅಲ್ಲಿಂದಲೇ ಆರಂಭವಾಗುತ್ತದೆ. ಮೊದಲು ಪ್ರಕಟವಾದ ತಂಡದಲ್ಲಿ ಪೊಲಾರ್ಡ್ ಹೆಸರು ಇರಲಿಲ್ಲ; ಮೀನಖಂಡದ ಗಾಯದಿಂದ ಅವರು ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಟೂರ್ನಿ ಆರಂಭವಾದ ಕೆಲವೇ ದಿನಗಳಲ್ಲಿ ಹುಕರ್ (ಸ್ಕ್ರಮ್‌ನ ಮುಂಸಾಲಿನ ನಡುವಿನ ಆಟಗಾರ) ಮಾಲ್ಕಮ್ ಮಾರ್ಕ್ಸ್ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಮನೆಗೆ ಮರಳಬೇಕಾಯಿತು. ಹುಕರ್ ಹೋದರೆ ಹುಕರ್‌ನನ್ನೇ ಕರೆಸುವುದು ವಾಡಿಕೆ. ಮುಖ್ಯ ಕೋಚ್ ಜಾಕ್ ನೀನಾಬರ್ ಮತ್ತು ರಗ್ಬಿ ನಿರ್ದೇಶಕ ರಾಸಿ ಎರಾಸ್ಮಸ್ ಆ ವಾಡಿಕೆ ಮುರಿದು ಪೊಲಾರ್ಡ್ ಅವರನ್ನು ಕರೆಸಿಕೊಂಡರು. ಮರುವಾರವೇ ಐರ್ಲೆಂಡ್ ಎದುರು 8-13ರಿಂದ ಸೋತಾಗ ಮಾನಿ ಲಿಬ್ಬೊಕ್ ಮತ್ತು ಫಾಫ್ ಡಿ ಕ್ಲರ್ಕ್ ಒದೆತಗಳಲ್ಲಿ ಒಟ್ಟು 11 ಅಂಕಗಳನ್ನು ಕೈಬಿಟ್ಟಿದ್ದರು; ಆ ಕರೆಯ ಅಗತ್ಯವೇನಿತ್ತೆಂದು ಅದಾದ ಮೇಲೆ ಯಾರೂ ಕೇಳಲಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಬಾಕಿ ಉಳಿದಿತ್ತು. ತಂಡದಲ್ಲಿ ಈಗ ಪೂರ್ಣಪ್ರಮಾಣದ ಹುಕರ್ ಎಂದರೆ ಬೊಂಗಿ ಎಂಬೊನಾಂಬಿ ಒಬ್ಬರೇ. ಅವರ ಹಿಂದೆ ಇದ್ದವರು ಫೌರಿ. ವೃತ್ತಿಜೀವನದ ಮೊದಲ ಭಾಗದಲ್ಲಿ ಹುಕರ್ ಆಗಿ ಆಡಿ, ಮುಂದೆ ಫ್ಲ್ಯಾಂಕರ್ ಆಗಿ ನೆಲೆಗೊಂಡ ಆಟಗಾರ ಅವರು. 2022ರಲ್ಲಿ, 35ನೇ ವಯಸ್ಸಿನಲ್ಲಿ ದೇಶಕ್ಕಾಗಿ ಮೊದಲ ಟೆಸ್ಟ್ ಆಡಿದ ಅವರು ಸ್ಪ್ರಿಂಗ್‌ಬಾಕ್ಸ್ (ದಕ್ಷಿಣ ಆಫ್ರಿಕಾ ತಂಡ) ಇತಿಹಾಸದಲ್ಲೇ ಅತಿ ಹಿರಿಯ ವಯಸ್ಸಿಗೆ ಪದಾರ್ಪಣೆ ಮಾಡಿದವರು. ಫೈನಲ್ ಹೊತ್ತಿಗೆ ಅವರಿಗೆ 37. ಆ ವಯಸ್ಸಿನಲ್ಲಿ ಬೆಂಚಿನಲ್ಲಿ ಕುಳಿತು ಕೊನೆಯ ಕಾಲು ಗಂಟೆ ಆಡಲು ಕರೆ ಬರಬಹುದೆಂದು ಎದುರು ನೋಡುವುದು ಒಂದು ಬಗೆ. ಅವರ ಪಾಲಿಗೆ ಬಂದದ್ದು ಬೇರೆಯೇ.

ಪಂದ್ಯದ ಮೂರನೇ ನಿಮಿಷಕ್ಕೂ ಮೊದಲೇ ನ್ಯೂಜಿಲೆಂಡ್‌ನ ಫ್ಲ್ಯಾಂಕರ್ ಶಾನನ್ ಫ್ರಿಝೆಲ್ ರಕ್‌ನಿಂದ ಎಂಬೊನಾಂಬಿಯನ್ನು ತೆರವುಗೊಳಿಸಲು ಹೋಗಿ, ಅವರನ್ನು ತಿರುಚುತ್ತ ಅವರ ಕಾಲಿನ ಮೇಲೆಯೇ ಬಿದ್ದರು. ಫ್ರಿಝೆಲ್‌ಗೆ ಹಳದಿ ಕಾರ್ಡ್ (ಹತ್ತು ನಿಮಿಷ ಹೊರಗೆ), ದಕ್ಷಿಣ ಆಫ್ರಿಕಾಕ್ಕೆ ಪೆನಾಲ್ಟಿ, ಎಂಬೊನಾಂಬಿಗೆ ಪಂದ್ಯದಿಂದಲೇ ನಿರ್ಗಮನ. ಪೊಲಾರ್ಡ್ ಒದ್ದ ಮೊದಲ ಮೂರು ಅಂಕಗಳು ಬಂದದ್ದು ಇದೇ ಘಟನೆಯಿಂದ. ಫೌರಿ ಮೈದಾನಕ್ಕೆ ಇಳಿದದ್ದೂ ಇದೇ ಘಟನೆಯಿಂದ. ನಿಮ್ಮ ಸಹೋದ್ಯೋಗಿ ದಂಪತಿ ಯಾವುದನ್ನು ಎರಡು ವಾದಗಳೆಂದು ತಿಳಿದಿದ್ದಾರೋ ಅವೆರಡೂ ಇಲ್ಲಿ ಗಂಟು ಬಿದ್ದಿವೆ. ಮಾರ್ಕ್ಸ್ ಜಾಗಕ್ಕೆ ಹುಕರ್ ಬಂದಿದ್ದರೆ ಫೌರಿ ಮೇಲೆ ಇಡೀ ಫೈನಲ್‌ನ ಭಾರ ಬೀಳುತ್ತಿರಲಿಲ್ಲ, ಆದರೆ ನಾಲ್ಕಕ್ಕೆ ನಾಲ್ಕು ಒದೆಯುವ ಪೊಲಾರ್ಡ್ ಕೂಡ ಅಲ್ಲಿ ಇರುತ್ತಿರಲಿಲ್ಲ. ಪೊಲಾರ್ಡ್ ಗಳಿಸಿದ ಅಂಕಗಳಿಗೆ ಫೌರಿ ದುಡಿದು ಬೆಲೆ ತೆತ್ತರು ಎಂದರೆ ಅತಿಶಯೋಕ್ತಿ ಆಗಲಾರದು.

ಆ ದುಡಿಮೆಯ ಸ್ವರೂಪ ಸ್ವಲ್ಪ ತಿಳಿದಿರಬೇಕು. ಹುಕರ್ ಎಂದರೆ ಸ್ಕ್ರಮ್‌ನ ಮುಂಸಾಲಿನ ನಟ್ಟನಡುವೆ, ಎರಡೂ ತೋಳುಗಳನ್ನು ಪ್ರಾಪ್‌ಗಳ ಬೆನ್ನಿಗೆ ಹಾಕಿ, ಎದುರು ಬದಿಯ ಎಂಟು ಜನರ ಒತ್ತಡವನ್ನು ಕುತ್ತಿಗೆಯ ಮೇಲೆ ತಾಳಿಕೊಳ್ಳುವವನು. ಅಂಚು ದಾಟಿದ ಚೆಂಡನ್ನು ಒಳಕ್ಕೆಸೆದು ಆಟ ಮರಳಿ ಶುರುಮಾಡುವ ಲೈನ್‌ಔಟ್ ಬಂದಾಗ ಅಂಚಿಗೆ ಹೋಗಿ, ಏದುಸಿರು ಬಿಡುತ್ತಲೇ, ಮೇಲಕ್ಕೆತ್ತಲ್ಪಟ್ಟ ಜೊತೆಗಾರನ ಕೈಗೆ ಸರಿಯಾದ ಕ್ಷಣಕ್ಕೆ ಚೆಂಡು ತಲುಪುವಂತೆ ಎಸೆಯಬೇಕಾದವನೂ ಅವನೇ. ಮೊದಲನೆಯದಕ್ಕೆ ಗೂಳಿಯ ಬಲ ಬೇಕು, ಎರಡನೆಯದಕ್ಕೆ ನಡುಗದ ಕೈ ಬೇಕು, ಅದೂ ಮಳೆಯಲ್ಲಿ. ಆ ರಾತ್ರಿ ದಕ್ಷಿಣ ಆಫ್ರಿಕಾದ ಲೈನ್‌ಔಟ್ ಒದ್ದಾಡಿತು ಎಂಬುದನ್ನು ಮರೆಮಾಚಬೇಕಿಲ್ಲ. ಫೌರಿಗೆ ಗೌರವ ಸಲ್ಲದಿರಲು ಇದೊಂದು ನ್ಯಾಯವಾದ ಕಾರಣ. ಆದರೂ ತಂಡ ಬೆಂಚಿನಲ್ಲಿ ಏಳು ಫಾರ್ವರ್ಡ್‌ಗಳನ್ನೂ ಹಿಂದೆ ನಿಂತು ಚೆಂಡು ಹಿಡಿದು ಓಡುವ ಬ್ಯಾಕ್ ಆಟಗಾರ ಒಬ್ಬನನ್ನೇ ಕೂರಿಸಿದ್ದ ಆ ಸಾಹಸದಲ್ಲಿ ಒಂದು ವಿಚಿತ್ರವಿತ್ತು. ಏಳು ಫಾರ್ವರ್ಡ್‌ಗಳಿದ್ದರೂ ಫೌರಿಗೆ ಬದಲಿಯಾಗಿ ಇಳಿಯಬಲ್ಲ ಹುಕರ್ ಮತ್ತೊಬ್ಬನಿರಲಿಲ್ಲ. ಅವರಿಗೂ ಪೆಟ್ಟಾಗಿದ್ದರೆ ಸ್ಕ್ರಮ್‌ಗಳು ತಳ್ಳಾಟವಿಲ್ಲದ ಬರೀ ಶಾಸ್ತ್ರಕ್ಕೆ ಇಳಿಯುವ ಸಾಧ್ಯತೆ ಇತ್ತು, ಆಗ ಆ ತಂಡದ ಅತಿ ದೊಡ್ಡ ಆಯುಧವೇ ಮೊಂಡಾಗುತ್ತಿತ್ತು. 37ರ ಫ್ಲ್ಯಾಂಕರ್ ಒಬ್ಬ ಅಷ್ಟನ್ನೂ ತಿಳಿದೇ, ಸುಮಾರು 76 ನಿಮಿಷ, ನ್ಯೂಜಿಲೆಂಡ್‌ನ ಮುಂಸಾಲಿನ ಎದುರು ನಿಂತ. ನನ್ನ ಪಟ್ಟಿಯಲ್ಲಿ ಫೌರಿ ಎರಡನೆಯವರು. ಪೊಲಾರ್ಡ್ ಸ್ಥಾನ ಅವರಿಗಿಂತ ಕೆಳಗೆ.

ಈಗ ಡು ಟಾಯ್ಟ್. 28 ಟ್ಯಾಕಲ್‌ಗಳು ಒಂದು ಫೈನಲ್‌ನಲ್ಲಿ ಬಹು ದೊಡ್ಡ ಸಂಖ್ಯೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಟ್ಯಾಕಲ್‌ಗಳ ಎಣಿಕೆ ತನ್ನಷ್ಟಕ್ಕೆ ತಾನು ಹೇಳುವುದು ಕಡಿಮೆ. ಚೆಂಡು ಎದುರಾಳಿಯ ಬಳಿಯೇ ಹೆಚ್ಚು ಹೊತ್ತು ಇದ್ದರೆ ಯಾರಾದರೂ ಹೆಚ್ಚು ಟ್ಯಾಕಲ್ ಮಾಡಲೇಬೇಕಾಗುತ್ತದೆ. ಕೆಲವೊಮ್ಮೆ ದುರ್ಬಲನೆಂದು ಭಾವಿಸಿ ಒಬ್ಬನತ್ತಲೇ ಮತ್ತೆ ಮತ್ತೆ ಓಡಿ ಬರುವುದರಿಂದಲೂ ಅವನ ಲೆಕ್ಕ ಏರಬಹುದು. ಎದುರಾಳಿಯನ್ನು ಹಿಡಿದೂ ಅವನ ಜೊತೆ ಎರಡು ಮೀಟರ್ ಹಿಂದಕ್ಕೆ ಎಳೆಸಿಕೊಂಡು ಹೋದದ್ದು ಕೂಡ ಒಂದು ಟ್ಯಾಕಲ್, ಓಡಿಬಂದವನನ್ನು ಬಂದ ದಾರಿಗೇ ಮರಳಿಸಿದ್ದೂ ಒಂದು ಟ್ಯಾಕಲ್. ಅಂಕಿಅಂಶದ ಪಟ್ಟಿಯಲ್ಲಿ ಎರಡೂ ಸಮ. ಕಬಡ್ಡಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರೈಡರ್‌ನನ್ನು ನಡುಗೆರೆಯ ಬಳಿ ಕೈ ಚಾಚುವಷ್ಟರಲ್ಲಿ ಹಿಡಿಯುವುದಕ್ಕೂ ಒಳಗೆ ನುಗ್ಗಿದವನನ್ನು ಮೂಲೆಯಲ್ಲೇ ಕಟ್ಟಿಹಾಕುವುದಕ್ಕೂ ಅಂಕ ಒಂದೇ ಆದರೂ, ಮುಂದಿನ ರೈಡ್‌ಗೆ ಬರುವವನ ಎದೆಯಲ್ಲಿ ಉಳಿಯುವುದು ಎರಡನೆಯದು.

ಡು ಟಾಯ್ಟ್ ಸುಮಾರು ಎರಡು ಮೀಟರ್ ಎತ್ತರದ ಆಳು. ಮೂಲತಃ ಎರಡನೇ ಸಾಲಿನ ಲಾಕ್ ಆಗಿದ್ದವರು. ದಕ್ಷಿಣ ಆಫ್ರಿಕಾದಲ್ಲಿ 7ನೇ ಸಂಖ್ಯೆಯ ಜೆರ್ಸಿ ತೊಡುವವನು ನಿಮ್ಮ ಆಕ್ಲೆಂಡ್‌ನ ಗೆಳೆಯರು 6ನೇ ಸಂಖ್ಯೆಗೆ ಕೊಡುವ ಬ್ಲೈಂಡ್‌ಸೈಡ್ ಫ್ಲ್ಯಾಂಕರ್‌ನ (ಸ್ಕ್ರಮ್‌ನಿಂದ ಅಂಚು ಹತ್ತಿರವಿರುವ ಬದಿ ಕಾಯುವವನ) ಕೆಲಸ ಮಾಡುತ್ತಾನೆ. ಪಂದ್ಯವನ್ನು ಮತ್ತೆ ನೋಡುವಾಗ ಈ ಅದಲುಬದಲು ಗೊಂದಲ ಮಾಡಬಾರದು. ಅವರ ತಂಡದ ರಕ್ಷಣೆ ಕಾಯುತ್ತ ನಿಲ್ಲುವ ಜಾತಿಯದಲ್ಲ. ಫಿಸಿಯೋಥೆರಪಿಸ್ಟ್ ಆಗಿ ವೃತ್ತಿ ಆರಂಭಿಸಿ ರಕ್ಷಣಾ ಕೋಚ್ ಆಗಿ ಬೆಳೆದ ನೀನಾಬರ್ ರೂಪಿಸಿದ ಈ ವ್ಯವಸ್ಥೆಯಲ್ಲಿ, ಎದುರಾಳಿಯ ಕೈಗೆ ಚೆಂಡು ಬರುತ್ತಿದ್ದಂತೆಯೇ ಇಡೀ ಸಾಲು ಮುಂದಕ್ಕೆ ಧಾವಿಸಿ ಅವನ ಸಮಯವನ್ನು ಕಸಿಯುತ್ತದೆ. ಇದರ ಲಾಭ ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು. ಸಾಲಿನಲ್ಲಿ ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ಬಾಗಿಲು ತೆರೆದುಕೊಳ್ಳುತ್ತದೆ, ಹಿಂದೆ ಕಾಯಲು ಬಹಳ ಜನ ಇರುವುದಿಲ್ಲ. ಆದ್ದರಿಂದ ಈ ವ್ಯವಸ್ಥೆ ನಿಲ್ಲಬೇಕಾದರೆ ಒಂದು ಟ್ಯಾಕಲ್ ಮಾಡಿ ನೆಲಕ್ಕೆ ಬಿದ್ದವನು ಮುಂದಿನ ಚೆಂಡು ಹೊರಬರುವ ಮುನ್ನ ಎದ್ದು ಮತ್ತೆ ಸಾಲಿನಲ್ಲಿ ನಿಂತಿರಬೇಕು. ಡು ಟಾಯ್ಟ್ ಅವರ ಅಸಲಿ ಹಿರಿಮೆ ಇರುವುದು ಈ ಎದ್ದು ನಿಲ್ಲುವುದರಲ್ಲಿ.

ನ್ಯೂಜಿಲೆಂಡ್‌ನ ಯೋಜನೆಯಲ್ಲಿ 12ನೇ ಸಂಖ್ಯೆಯ ಜೋರ್ಡಿ ಬ್ಯಾರೆಟ್ ಪಾತ್ರ ಮುಖ್ಯವಾಗಿತ್ತು. ಭಾರಿ ಮೈಕಟ್ಟಿನ ಆತ ನೇರವಾಗಿ ನುಗ್ಗಿ ಸಾಲನ್ನು ಒಳಕ್ಕೆ ಸೆಳೆದರೆ, ಹೊರಗೆ ಮಾರ್ಕ್ ಟೆಲಿಯಾ, ವಿಲ್ ಜೋರ್ಡನ್ ಅವರಂತಹ ಓಟಗಾರರಿಗೆ ಜಾಗ ಸಿಗುತ್ತದೆ. ಆ ರಾತ್ರಿ ಜೋರ್ಡಿ ನುಗ್ಗಿದಾಗಲೆಲ್ಲ ಎದುರು ಬಂದು ಅಪ್ಪಳಿಸಿದ್ದು ಬಹುಪಾಲು ಒಬ್ಬನೇ. ಚೆಂಡು ಕೈಸೇರಿದ ಕ್ಷಣಕ್ಕೇ ತಲುಪುವ, ಎದೆಯ ಕೆಳಭಾಗಕ್ಕೆ ಭುಜವಿಟ್ಟು, ಕಾಲು ನಿಲ್ಲಿಸದೆ ತಳ್ಳಿಕೊಂಡೇ ಹೋಗುವ ಆ ಟ್ಯಾಕಲ್‌ಗಳನ್ನು ನಿಧಾನಗತಿಯಲ್ಲಿ ನೋಡಿದರೆ ತಿಳಿಯುತ್ತದೆ: ದಾಳಿ ಅಲ್ಲಿಗೇ ಮುಗಿಯುವುದಿಲ್ಲ, ಆದರೆ ಮುಂದಿನ ಚೆಂಡು ಬರುವುದು ತಡವಾಗುತ್ತದೆ, ಮತ್ತು ಆ ತಡದಲ್ಲಿ ಹಸಿರು ಜೆರ್ಸಿಯ ಇನ್ನೂ ಇಬ್ಬರು ತಮ್ಮ ಜಾಗಕ್ಕೆ ಮರಳಿರುತ್ತಾರೆ. 14 ಜನರೊಂದಿಗೆ ಆಡುತ್ತಿದ್ದೂ ದ್ವಿತೀಯಾರ್ಧದಲ್ಲಿ ಮೇಲುಗೈ ಪಡೆದಿದ್ದ ತಂಡವೊಂದು ಒಂದೇ ಟ್ರೈಗೆ ನಿಂತುಬಿಟ್ಟಿದ್ದಕ್ಕೆ ಇದೊಂದು ದೊಡ್ಡ ಕಾರಣ. ಆ ಒಂದು ಟ್ರೈ ಕೂಡ ಅಂಚಿನಲ್ಲಿ ಟೆಲಿಯಾ ಹಲವರ ಹಿಡಿತದಿಂದ ನುಣುಚಿಕೊಂಡು ಹೋದದ್ದರಿಂದ ಹುಟ್ಟಿತೇ ವಿನಾ, ನಡುಭಾಗ ಕುಸಿದದ್ದರಿಂದ ಅಲ್ಲ.

ಡು ಟಾಯ್ಟ್ ಪರವಾಗಿ ಅಷ್ಟಾಗಿ ಯಾರೂ ಮುಂದಿಡದ, ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಆ ಪಂದ್ಯದಲ್ಲಿ ರೆಫರಿ ವೇಯ್ನ್ ಬಾರ್ನ್ಸ್ ನಾಲ್ವರಿಗೆ ಕಾರ್ಡ್ ತೋರಿಸಿದರು. ಅವರಲ್ಲಿ ಇಬ್ಬರು ಎರಡೂ ತಂಡಗಳ ನಾಯಕರು, ಇಬ್ಬರೂ ಫ್ಲ್ಯಾಂಕರ್‌ಗಳು, ಇಬ್ಬರ ಅಪರಾಧವೂ ಎದುರಾಳಿಯ ತಲೆಗೆ ತಾಗಿದ್ದು. ಕೇನ್ ನೇರವಾಗಿ ನಿಂತ ಭಂಗಿಯಲ್ಲೇ ಜೆಸ್ಸಿ ಕ್ರೀಲ್‌ಗೆ ಡಿಕ್ಕಿ ಹೊಡೆದಾಗ ಭುಜ ತಲೆಗೆ ಬಡಿಯಿತು. ಮೊದಲು ತೋರಿಸಿದ ಹಳದಿ ಕಾರ್ಡನ್ನು ಹೊರಗೆ ಕುಳಿತ ಪರಿಶೀಲನಾ ಅಧಿಕಾರಿ ಕೆಂಪಿಗೆ ಏರಿಸಿದರು. ವಿರಾಮದ ನಂತರ ಸಿಯಾ ಕೊಲಿಸಿ ಸಾವೆಯಾ ಅವರನ್ನು ತಡೆಯಲು ಹೋದಾಗ ತಲೆಗೆ ತಲೆ ತಾಗಿತು; ಅಪಾಯದ ಮಟ್ಟ ಕಡಿಮೆ ಎಂದು ಅದು ಹಳದಿಯಲ್ಲೇ ಉಳಿಯಿತು. ಎರಡಕ್ಕೂ ಭೇದ ಮಾಡಿದ್ದು ಸರಿಯೇ ಎಂದು ನಿಮ್ಮ ಊರಿನಲ್ಲಿ ಇಂದಿಗೂ ಕೇಳುವವರಿದ್ದಾರೆ, ಇರಲಿ. ಒದ್ದೆ ಮೈದಾನದಲ್ಲಿ ಎಲ್ಲರೂ ಬಾಗಿ ಓಡುತ್ತಿರುವಾಗ, ದಣಿದ ಫ್ಲ್ಯಾಂಕರ್ ಸೊಂಟ ಬಗ್ಗಿಸುವುದು ಅರೆಕ್ಷಣ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇಬ್ಬರು ಶ್ರೇಷ್ಠ ನಾಯಕರೇ ಅಂದು ಸಾಕ್ಷಿಯಾದರು. ಅದೇ ಮೈದಾನದಲ್ಲಿ, ಅವರಿಗಿಂತಲೂ ಎತ್ತರದ ಆಟಗಾರನೊಬ್ಬ 28 ಬಾರಿ ಅಷ್ಟೂ ಬಲದಿಂದ ಅಪ್ಪಳಿಸಿಯೂ ಒಂದು ಕಾರ್ಡ್ ಕೂಡ ಪಡೆಯಲಿಲ್ಲ. 28 ಎಂಬ ಸಂಖ್ಯೆಗೆ ಬೆಲೆ ಬರುವುದು ಇಲ್ಲಿ. ಪ್ರತಿ ಟ್ಯಾಕಲ್ ಕೂಡ ತಂಡವನ್ನು 14ಕ್ಕೆ ಇಳಿಸಬಹುದಾದ ಅಪಾಯವನ್ನು ಹೊತ್ತಿರುತ್ತದೆ. ಆ ಅಪಾಯವನ್ನು ಅಷ್ಟು ಸಲ ಮೈಮೇಲೆ ಎಳೆದುಕೊಂಡು ಅಷ್ಟು ಸಲವೂ ಪಾರಾಗಿ ಬಂದ ಶಿಸ್ತು ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ.

ಡು ಟಾಯ್ಟ್ 2020ರಲ್ಲಿ ಕಾಲಿಗೆ ಬಿದ್ದ ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿ, ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಿ ಬಂದವರೆಂಬ ಸಂಗತಿಯನ್ನು ಅವರ ಅಭಿಮಾನಿಗಳು ಈ ಚರ್ಚೆಯಲ್ಲಿ ತರುವುದುಂಟು. ಮನ ಕಲಕುವ ಸಂಗತಿ ಹೌದು, ಆದರೆ ಒಂದು ಪಂದ್ಯದ ಗೌರವವನ್ನು ತೂಗುವಾಗ ಅದನ್ನು ತಕ್ಕಡಿಗೆ ಹಾಕುವುದು ಸರಿಯಲ್ಲ. ಫೌರಿ ಅವರ ವಯಸ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ನಾನು ಅವರನ್ನು ಎರಡನೆಯ ಸ್ಥಾನದಲ್ಲಿಟ್ಟದ್ದು 37 ಎಂಬ ಕಾರಣಕ್ಕಲ್ಲ, ಹೊತ್ತ ಹೊಣೆಯ ಕಾರಣಕ್ಕೆ.

ಸೋತ ತಂಡದ ಆಟಗಾರನಿಗೆ ಈ ಗೌರವ ಸಲ್ಲಬಹುದೆ ಎಂದು ಕೇಳಿದ್ದೀರಿ. ಖಂಡಿತ ಸಲ್ಲಬಹುದು, ಅದೂ ನಿಮ್ಮ ಆಕ್ಲೆಂಡ್‌ನಲ್ಲೇ ನಡೆದಿದೆ. 2011ರ ಫೈನಲ್‌ನಲ್ಲಿ ಈಡನ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ಫ್ರಾನ್ಸ್ ತಂಡವನ್ನು 8-7ರಿಂದ ಮಣಿಸಿದಾಗ ಪಂದ್ಯಶ್ರೇಷ್ಠನಾದದ್ದು ಸೋತ ಫ್ರಾನ್ಸ್ ನಾಯಕ, ಫ್ಲ್ಯಾಂಕರ್ ತಿಯೆರಿ ದ್ಯುಸೊತ್ವಾರ್. ಅಂದು ತಂಡದ ಏಕೈಕ ಟ್ರೈಯನ್ನೂ ಅವರೇ ಗಳಿಸಿದ್ದರು. ಆದ್ದರಿಂದ ಸಾವೆಯಾ ಪರ ವಾದಿಸುವವರನ್ನು ‘ಸೋತವರಿಗೆ ಪ್ರಶಸ್ತಿಯೆ’ ಎಂದು ಬಾಯಿ ಮುಚ್ಚಿಸುವ ಹಾಗಿಲ್ಲ.

ಅವರ ವಾದದಲ್ಲಿ ಹುರುಳೂ ಇದೆ. ನಾಯಕ ಹೊರನಡೆದ ಮೇಲೆ ಮುಂದಾಳತ್ವ ವಹಿಸಿ, ಇಬ್ಬರ ಪಾಲಿನ ಕೆಲಸವನ್ನು ಒಬ್ಬರೇ ಮಾಡಿದರು ಸಾವೆಯಾ. ಚೆಂಡು ಹಿಡಿದು ನುಗ್ಗಿದಾಗ ಅವರನ್ನು ಒಬ್ಬರಿಂದ ನಿಲ್ಲಿಸಲು ಆಗುತ್ತಿರಲಿಲ್ಲ. ಮರುದಿನವೇ ಪ್ಯಾರಿಸ್‌ನಲ್ಲಿ ವರ್ಲ್ಡ್ ರಗ್ಬಿ ಅವರನ್ನು ವರ್ಷದ ಆಟಗಾರ ಎಂದು ಆರಿಸಿದ್ದೂ ಅವರ ಅಭಿಮಾನಿಗಳಿಗೆ ಬಲ ತಂದಿತು. ಆದರೆ ವರ್ಷದ ಗೌರವ ವರ್ಷದ್ದು, ಪಂದ್ಯದ್ದಲ್ಲ. ಆರನ್ ಸ್ಮಿತ್ ಗೆರೆ ದಾಟಿ ಗಳಿಸಿದ ಟ್ರೈ ರದ್ದಾದದ್ದು ಯಾಕೆಂದು ನೆನಪಿಸಿಕೊಳ್ಳಿ: ಅದಕ್ಕೂ ಹಿಂದಿನ ಲೈನ್‌ಔಟ್‌ನಲ್ಲಿ ಚೆಂಡು ಸಾವೆಯಾ ಕೈಗೆ ತಾಗಿ ಮುಂದಕ್ಕೆ ಬಿದ್ದಿತ್ತು. ಅಷ್ಟು ಹಿಂದಕ್ಕೆ ಹೋಗಿ ಪರಿಶೀಲಿಸಿದ್ದು ನಿಯಮಬದ್ಧವೇ ಎಂಬುದು ಬೇರೆ ಜಗಳ. ಚೆಂಡು ಮುಂದೆ ಬಿದ್ದದ್ದಂತೂ ನಿಜ. ಒಂದಂಕದ ಪಂದ್ಯದಲ್ಲಿ ಪೊಲಾರ್ಡ್ ತಪ್ಪದ ಒದೆತಗಳನ್ನು ಎಣಿಸುವವರು ಇದನ್ನೂ ಎಣಿಸಬೇಕಾಗುತ್ತದೆ. ಸಾವೆಯಾ ನನ್ನ ಪಟ್ಟಿಯಲ್ಲಿ ಪೊಲಾರ್ಡ್ ಪಕ್ಕದಲ್ಲೇ ನಿಲ್ಲುತ್ತಾರೆ, ಅದಕ್ಕಿಂತ ಮೇಲಕ್ಕಲ್ಲ.

ನೀವು ಹೆಸರಿಸದ, ಆದರೆ ಅಭಿಮಾನಿಗಳು ಎತ್ತುವ ಚೆಸ್ಲಿನ್ ಕೊಲ್ಬೆ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಫ್ರಾನ್ಸ್ ವಿರುದ್ಧ 29-28ರಿಂದ ಗೆದ್ದ ಕ್ವಾರ್ಟರ್ ಫೈನಲ್‌ನಲ್ಲಿ ಥಾಮಸ್ ರಾಮೋಸ್ ಒದೆಯಲು ಮುಂದಡಿ ಇಡುತ್ತಿದ್ದಂತೆ ಓಡಿ ಹೋಗಿ ಕನ್ವರ್ಷನ್ ತಡೆದ ಆತನ ಸಾಹಸ ಆ ಪಂದ್ಯವನ್ನು ಗೆಲ್ಲಿಸಿಕೊಟ್ಟಿತು. ಫೈನಲ್‌ನಲ್ಲಿ 73ನೇ ನಿಮಿಷಕ್ಕೆ ಚೆಂಡನ್ನು ಬೇಕೆಂದೇ ಮುಂದಕ್ಕೆ ಬಡಿದು ಹಳದಿ ಕಾರ್ಡ್ ಪಡೆದು, ಉಳಿದ ನಿಮಿಷಗಳನ್ನು ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡು ಕಳೆದವರೂ ಅವರೇ. ಆ ತಪ್ಪಿಗೆ ದೊರೆತ ಪೆನಾಲ್ಟಿಯನ್ನೇ ಜೋರ್ಡಿ ಗುರಿ ತಪ್ಪಿಸಿದ್ದು.

ಮತ್ತೆ ನೋಡುವ ಆಸೆಯಿದ್ದರೆ 58ನೇ ನಿಮಿಷದಿಂದ ಕೊನೆಯವರೆಗೆ ಚೆಂಡನ್ನು ಬಿಟ್ಟು ಹಸಿರು 7ನ್ನು ಮಾತ್ರ ನೋಡಿ ಎಂದು ನಿಮ್ಮ ಸಹೋದ್ಯೋಗಿಗೆ ಹೇಳಿ. ಎಷ್ಟು ಸಲ ಬಿದ್ದರು ಎಂಬುದಕ್ಕಿಂತ, ಬಿದ್ದಲ್ಲಿಂದ ಸಾಲಿಗೆ ಮರಳಲು ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಕಡೆ ಗಮನವಿರಲಿ. ಅಷ್ಟಾಗಿಯೂ ಪೊಲಾರ್ಡ್‌ಗೆ ಅನ್ಯಾಯವಾಯಿತೆಂದು ಅವರಿಗೆ ಅನ್ನಿಸಿದರೆ, ಆ ದೂರನ್ನು ಪ್ಯಾರಿಸ್‌ಗಿಂತ 2019ರ ಯೊಕೊಹಾಮಾಕ್ಕೆ ಒಯ್ಯುವುದು ಲೇಸು. ಅಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿದ ಫೈನಲ್‌ನಲ್ಲಿ ಪೊಲಾರ್ಡ್ ಆರು ಪೆನಾಲ್ಟಿ, ಎರಡು ಕನ್ವರ್ಷನ್ ಸೇರಿ 22 ಅಂಕ ಗಳಿಸಿದ್ದರು. ಗೌರವ ಸಂದದ್ದು 8ನೇ ಸಂಖ್ಯೆಯ ಡುವಾನ್ ವರ್ಮ್ಯೂಲನ್‌ಗೆ. ಆ ದಿನ ಇಂಗ್ಲೆಂಡ್‌ನ ಸ್ಕ್ರಮ್ ನುಚ್ಚುನೂರಾದದ್ದರಿಂದ ಪೆನಾಲ್ಟಿಗಳು ತಾವಾಗಿ ಒದಗಿ ಬಂದವು ಎಂದು ನಾನು ಅಲ್ಲಿಯೂ ಫಾರ್ವರ್ಡ್‌ಗಳ ಪರವೇ ವಾದಿಸಬಲ್ಲೆ. ಆದರೆ ಅಲ್ಲಿ ನನ್ನ ಕೈ ಇಷ್ಟು ಬಲವಾಗಿಲ್ಲ.